ಬೆವರೂ ಸಮತ್ವವೂ

ಶ್ರವಣಬೆಳಗೊಳದ ದೊಡ್ಡ ಬೆಟ್ಟವನ್ನು ಬೇಸಗೆಯ ನಡುಹಗಲಿನಲ್ಲಿ ಹತ್ತಬಾರದೆಂದು ತಿಳಿದವರು ಹೇಳುತ್ತಾರೆ. ಹೇಳಿಸಿಕೊಂಡ ಮೇಲೆಯೂ ಹತ್ತುವವರು ಹತ್ತುತ್ತಲೇ ಇರುತ್ತಾರೆ. ಪಾದರಕ್ಷೆಯನ್ನು ಬುಡದಲ್ಲಿಯೇ ಬಿಟ್ಟು, ಬಂಡೆಯ ಮೈಯಲ್ಲಿ ಕಡೆದ 600ಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕಾದದ್ದರಿಂದ, ಹೊತ್ತು ಹನ್ನೊಂದು ಗಂಟೆ ಮೀರಿತೆಂದರೆ ಯಾತ್ರಿಕನ ಭಕ್ತಿಯೆಲ್ಲವೂ ಅಂಗಾಲಿಗಿಳಿದು, ಮುಂದಿನ ಹೆಜ್ಜೆಯನ್ನು ಎಲ್ಲಿಟ್ಟರೆ ಕಡಿಮೆ ಸುಟ್ಟೀತೆಂಬ ಒಂದೇ ಧ್ಯಾನದಲ್ಲಿ ನಿಲ್ಲುತ್ತದೆ. ನಾನು ಹೋದ ದಿನ ಬಸ್ಸು ತಡವಾಗಿ, ಬೆಟ್ಟದ ಬುಡವನ್ನು ಮುಟ್ಟುವಾಗಲೇ ಮಧ್ಯಾಹ್ನವಾಗಿತ್ತು. ಡೋಲಿಯವರು ನನ್ನ ವಯಸ್ಸನ್ನು ನೋಡಿ ಕರೆದರು. ನಾನು ನನ್ನ ವಯಸ್ಸನ್ನು ಮರೆತು ಬೇಡವೆಂದೆ.

ಮೇಲೆ, ಸುತ್ತಾಲಯದ ನೆರಳಿನಲ್ಲಿ ಕಂಬಕ್ಕೊರಗಿ ಕುಳಿತು, ಏದುಸಿರು ಆರುವವರೆಗೆ ಎದುರಿನ ಬಾಹುಬಲಿಯ, ಎಂದರೆ ಗೊಮ್ಮಟನ, ಮೂರ್ತಿಯನ್ನು ನೋಡುತ್ತಿದ್ದೆ. ಕ್ರಿ. ಶ. 981ರಲ್ಲಿ ಚಾವುಂಡರಾಯನು ನಿಲ್ಲಿಸಿದ, ಸುಮಾರು 58 ಅಡಿ ಎತ್ತರದ ಆ ಏಕಶಿಲೆಯು ಸಾವಿರ ಬೇಸಗೆಗಳನ್ನೂ ಸಾವಿರ ಮಾಗಿಗಳನ್ನೂ ಒಂದೇ ಮಂದಹಾಸದಿಂದ ಕಂಡಿದೆ. ಬಾಹುಬಲಿಯು ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲಿಯೇ ತೊರೆದು, ಒಂದು ಸಂವತ್ಸರಕಾಲ ನಿಂತಲ್ಲಿಯೇ ನಿಂತನೆಂದೂ, ಕಾಲಬಳಿ ಹುತ್ತವೆದ್ದು ತೊಡೆತೋಳುಗಳಿಗೆ ಬಳ್ಳಿ ಹಬ್ಬಿದರೂ ಅಲುಗಲಿಲ್ಲವೆಂದೂ ಪುರಾಣ ಹೇಳುತ್ತದೆ. ಆ ನಿಲುವಿಗೆ ಜೈನರು ಇಟ್ಟಿರುವ ಹೆಸರು ಕಾಯೋತ್ಸರ್ಗ. ಎಂದರೆ ಕಾಯವನ್ನು ಬಿಟ್ಟುಬಿಡುವುದು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ತನ್ನ ಮೊಮ್ಮಗನಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಹುಡುಗನ ಕೆನ್ನೆ ಕೆಂಪೇರಿತ್ತು. ಹಣೆಯ ಬೆವರು ಹುಬ್ಬನ್ನು ದಾಟಿ ಕಣ್ಣಿಗಿಳಿಯುತ್ತಿತ್ತು.

"ಅಜ್ಜೀ, ಸ್ವಾಮಿಗೆ ಸೆಕೆ ಆಗಲ್ವಾ?" ಎಂದು ಕೇಳಿದ.

"ಮೈನೇ ಬಿಟ್ಟ ಸ್ವಾಮಿಗೆ ಸೆಕೆ ಎಲ್ಲಿಂದ ಬರ್ಬೇಕು ಮಗಾ?" ಎಂದಳು ಮುದುಕಿ.

ಅವಳ ಉತ್ತರ ಶಾಸ್ತ್ರಕ್ಕೆ ಒಪ್ಪುವಂಥದೇ. ನನ್ನನ್ನು ಹಿಡಿದದ್ದು ಹುಡುಗನ ಪ್ರಶ್ನೆ. ಕಲ್ಲಿಗೆ ಸೆಕೆಯಿಲ್ಲ, ಸರಿ. ಆ ಕಲ್ಲು ಯಾರ ಪ್ರತಿಮೆಯೋ ಆತನಿಗೆ? ಅವನು ಕಾಯವನ್ನು ಬಿಟ್ಟನು; ಕಾಯವು ಅವನನ್ನು ಬಿಟ್ಟಿತ್ತೆ? ಬಿಟ್ಟಿದ್ದ ಪಕ್ಷದಲ್ಲಿ ಹನ್ನೆರಡು ತಿಂಗಳ ಮಾತಿರಲಿ, ಇಂಥ ಒಂದು ಮಧ್ಯಾಹ್ನವನ್ನೂ ಅವನು ದಾಟುತ್ತಿರಲಿಲ್ಲ.

ಶೀತೋಷ್ಣಗಳಲ್ಲಿ ಸಮನಾಗಿರುವುದು ನಮ್ಮ ದೇಶದ ಮತಗಳು ಸಾಧಕನಿಗೆ ಒಡ್ಡಿರುವ ಹಳೆಯ ಪರೀಕ್ಷೆ. ಗೀತೆಯು ಎರಡನೆಯ ಅಧ್ಯಾಯದಲ್ಲಿ ಅರ್ಜುನನ ಶೋಕಕ್ಕೆ ಮದ್ದು ಹೇಳತೊಡಗಿದ ಸ್ವಲ್ಪದರಲ್ಲಿಯೇ ಶೀತೋಷ್ಣಗಳ ಮಾತನ್ನೆತ್ತಿ, ಅವು ಬಂದುಹೋಗತಕ್ಕವುಗಳಾದ್ದರಿಂದ ಸಹಿಸೆನ್ನುತ್ತದೆ. ಆರನೆಯ ಅಧ್ಯಾಯದ ಯೋಗಿಗೂ ಹನ್ನೆರಡನೆಯ ಅಧ್ಯಾಯದ ಭಕ್ತನಿಗೂ ಅದೇ ಲಕ್ಷಣವನ್ನು ಮತ್ತೆ ಹೇಳುತ್ತದೆ. ತತ್ತ್ವಾರ್ಥಸೂತ್ರವು ಮುನಿಯು ಜಯಿಸಬೇಕಾದ 22 ಪರೀಷಹಗಳನ್ನೆಣಿಸುವಾಗ ಹಸಿವು ಬಾಯಾರಿಕೆಗಳ ಬೆನ್ನಿಗೇ ಚಳಿಯನ್ನೂ ಸೆಕೆಯನ್ನೂ ಇಟ್ಟಿದೆ. ಇಷ್ಟು ಪ್ರಸಿದ್ಧವಾದ ಈ ಗುಣವನ್ನು ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವಾಗ ಮಾತ್ರ ಮೊದಲು ತೋರುವುದು ಕಲ್ಲು: ಬಿಸಿಲು ಬಿದ್ದರೂ ಸುಮ್ಮನೆ, ಮಳೆ ಹೊಯ್ದರೂ ಸುಮ್ಮನೆ. ಈ ಚಿತ್ರ ತಪ್ಪೆಂಬುದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸುವುದಕ್ಕೆ ಗ್ರಂಥಾಂತರಗಳಿಗೆ ಹೋಗಬೇಕಾದದ್ದಿಲ್ಲ, ಅಂಗೈಯನ್ನು ಒಮ್ಮೆ ಬಂಡೆಯ ಮೇಲೂ ಒಮ್ಮೆ ಕಂಕುಳಲ್ಲಿಯೂ ಇಟ್ಟು ನೋಡಿದರೆ ಸಾಕು. ಆ ಬಂಡೆ ಮಧ್ಯಾಹ್ನ ಕೈಯಿಡಲಾರದಷ್ಟು ಕಾದು ಬೆಳಗಿನ ಜಾವಕ್ಕೆ ತಣ್ಣಗೆ ಕೊರೆಯುತ್ತದೆ. ಹೊರಗೆ ಹೇಗೋ ಒಳಗೂ ಹಾಗೆ. ಇಂಥ ಪರಾಧೀನತೆಗೆ ಸಮತ್ವವೆಂಬ ದೊಡ್ಡ ಹೆಸರೇಕೆ? ಕಂಕುಳಿನ ಬಿಸಿಯಾದರೋ, ಬೆಳಗಿನ ಜಾವ ತುಸು ತಗ್ಗಿ ಸಂಜೆಗೆ ತುಸು ಏರಿ, ಆ ಏರಿಳಿತವೂ ಸಾಮಾನ್ಯವಾಗಿ ಒಂದು ಡಿಗ್ರಿಯನ್ನು ಮೀರದಂತೆ, ಚೈತ್ರವೆನ್ನದೆ ಪುಷ್ಯವೆನ್ನದೆ 37 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಜರ್ಮನಿಯ ವುಂಡರ್‌ಲಿಷ್ ಎಂಬ ವೈದ್ಯನು ಸುಮಾರು 25,000 ರೋಗಿಗಳ ಕಂಕುಳಿನಲ್ಲಿ ಉಷ್ಣಮಾಪಕವನ್ನಿಟ್ಟು ಈ ಸಂಖ್ಯೆಯನ್ನು 1868ರಲ್ಲಿ ಪ್ರಕಟಿಸಿದನು.

ಈ ಸ್ಥಿತಿಯು ತಾನಾಗಿ ಒದಗಿದ್ದೆಂದು ತಿಳಿಯಬಾರದು. ಸುಮ್ಮನೆ ಕುಳಿತಿರುವ ಮನುಷ್ಯನೂ ನೂರು ವಾಟಿನ ಒಂದು ದೀಪದಷ್ಟು ಶಾಖವನ್ನು ಎಡೆಬಿಡದೆ ಹೊಮ್ಮಿಸುತ್ತಿರುತ್ತಾನೆ. ಅದಕ್ಕೆ ಹೊರದಾರಿಯಿಲ್ಲದಿದ್ದರೆ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಮೈ ಕಾಯುತ್ತ ಹೋಗಿ, ಬೆಳಗ್ಗೆ ಜಪಕ್ಕೆ ಕುಳಿತವನು ಮಧ್ಯಾಹ್ನದ ಊಟಕ್ಕೆ ಏಳುವ ಸ್ಥಿತಿಯಲ್ಲಿರಲಾರನು. ಬೆಟ್ಟವನ್ನೇರುವವನ ಮೈಯಲ್ಲಿ ಅಂಥ ದೀಪಗಳು ಹಲವು ಒಟ್ಟಿಗೆ ಉರಿಯುತ್ತವೆ. ಮೆದುಳಿನ ತಳಭಾಗದಲ್ಲಿ ಬಾದಾಮಿಯ ಗಾತ್ರದ ಹೈಪೋಥಲಾಮಸ್ ಎಂಬುದೊಂದುಂಟು. ಅದರ ಮುಂಭಾಗದ ಜೀವಕೋಶಗಳು ತಮ್ಮ ಪಕ್ಕದಲ್ಲಿ ಹರಿಯುವ ರಕ್ತದ ಬಿಸಿಯನ್ನು ಪರೀಕ್ಷಿಸುತ್ತಿರುತ್ತವೆ. ಅಷ್ಟೇ ಅಲ್ಲ, ರಕ್ತ ಇನ್ನೂ ಬಿಸಿಯೇರುವ ಅಥವಾ ಆರುವ ಮೊದಲೇ ಚರ್ಮದ ಮೂಲೆಮೂಲೆಗಳಿಂದ ಬರುವ ಸುದ್ದಿಯನ್ನೂ ಕೇಳಿಸಿಕೊಳ್ಳುತ್ತವೆ. ಸೆಕೆಯ ಸುದ್ದಿ ಬಂದರೆ ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿಯನ್ನು ಮೈಮೇಲಕ್ಕೆ ತರುತ್ತವೆ. ಇಪ್ಪತ್ತರಿಂದ ನಲವತ್ತು ಲಕ್ಷದಷ್ಟಿರುವ ಬೆವರಿನ ಗ್ರಂಥಿಗಳು ಒಸರತೊಡಗುತ್ತವೆ. ಒಂದು ಲೀಟರು ಬೆವರು ಮೈಮೇಲೆ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಏನನ್ನೂ ಒಯ್ಯುವುದಿಲ್ಲ, ಆದಕಾರಣವೇ ಮಂಗಳೂರಿನ ಸೆಕೆ ರಾಯಚೂರಿನ ಬಿಸಿಲಿಗಿಂತ ಕೆಲವು ಸಲ ಕಷ್ಟವೆನಿಸುವುದು. ಚಳಿಯ ಸುದ್ದಿ ಬಂದರೆ ನಾಳಗಳು ಕುಗ್ಗಿ ಚರ್ಮ ಬಿಳಿಚಿಕೊಳ್ಳುತ್ತದೆ, ಕೂದಲು ನಿಮಿರುತ್ತದೆ, ಸ್ನಾಯುಗಳು ನಡುಗಿ ಬೆಂಕಿಯನ್ನು ಕಡೆಯುತ್ತವೆ.

ಬೆವರುವುದು, ಬಣ್ಣಗೆಡುವುದು, ರೋಮ ನಿಮಿರುವುದು, ನಡುಗುವುದು: ಈ ನಾಲ್ಕನ್ನು ಒಟ್ಟಿಗೆ ಬರೆದುಕೊಂಡಾಗ ಇವನ್ನು ಹಿಂದೆ ಎಲ್ಲಿಯೋ ಓದಿದ್ದೇನೆಂದೆನಿಸಿ, ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. ಭರತನ ನಾಟ್ಯಶಾಸ್ತ್ರವು ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದ, ವೈವರ್ಣ್ಯ, ರೋಮಾಂಚ, ವೇಪಥು ಎಂಬ ನಾಲ್ಕು ಇವೇ. ಅಭಿನಯಿಸಿ ತೋರಿಸುವುದಕ್ಕೆ ಮಿಕ್ಕೆಲ್ಲ ಭಾವಗಳಿಗಿಂತ ಕಷ್ಟವಾದವು ಇವು. ಏಕೆಂದರೆ ಇಚ್ಛಾಮಾತ್ರದಿಂದ ಬರುವವಲ್ಲ. ಭಕ್ತನ ಪುಳಕಕ್ಕೂ ಮಾಗಿಯ ಬೆಳಗ್ಗೆ ತಣ್ಣೀರು ಹೊಯ್ದುಕೊಂಡವನ ಪುಳಕಕ್ಕೂ ಚರ್ಮದಡಿಯ ಸ್ನಾಯು ಒಂದೇ. ಇದನ್ನು ಕೇಳಿ ಭಕ್ತಿಯ ಬೆಲೆ ಇಳಿಯಿತೆಂದು ಮರುಗುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಚಳಿಯನ್ನೂ ಸೆಕೆಯನ್ನೂ ನಮ್ಮನ್ನು ಕೇಳದೆ ನಿರ್ವಹಿಸುವ ಅದೇ ಅಂತಃಪುರದ ಕೈಗಳನ್ನು ಪ್ರೇಮವೂ ಭಯವೂ ಎರವಲು ಪಡೆಯುತ್ತವೆಯೆಂದರೆ ಅವು ತುಟಿಯ ಮೇಲಿನ ಮಾತುಗಳಲ್ಲವೆಂದಾಯಿತು.

ನಮ್ಮನ್ನು ಕೇಳದೆ ಎಂದೆನಷ್ಟೆ. ಈ ಸಂಗತಿಯನ್ನು ಕನ್ನಡದ ವ್ಯಾಕರಣವು ಶರೀರಶಾಸ್ತ್ರಕ್ಕಿಂತ ಬಹಳ ಮೊದಲೇ ಕಂಡುಕೊಂಡಿತ್ತು. ನಡೆಯುವುದು, ನುಡಿಯುವುದು, ಉಣ್ಣುವುದು, ಇವುಗಳಿಗೆಲ್ಲ ನಾನು ಕರ್ತೃವಾಗಿ ನಿಲ್ಲುತ್ತೇನೆ. ಆದರೆ ಸೆಕೆಯ ಮಾತು ಬಂದೊಡನೆ ಪ್ರಥಮಾ ವಿಭಕ್ತಿಯ ಪೀಠದಿಂದಿಳಿದು ಚತುರ್ಥಿಯ ಮಣೆಯ ಮೇಲೆ ಕೂರಬೇಕಾಗುತ್ತದೆ. ನನಗೆ ಸೆಕೆಯಾಗುತ್ತದೆ, ನನಗೆ ಚಳಿಯಾಗುತ್ತದೆ, ನನಗೆ ಜ್ವರ ಬರುತ್ತದೆ, ಆಮೇಲೆ ಅದೇ ನನ್ನನ್ನು ಬಿಡುತ್ತದೆ. ಬೆವರುತ್ತೇನೆ ಎಂದು ಹೇಳುವುದುಂಟು. ಆದರೆ ಒಬ್ಬನನ್ನು ಕುರಿತು "ಎಲ್ಲಿ, ಸ್ವಲ್ಪ ಬೆವರು ನೋಡೋಣ" ಎಂದು ಯಾರೂ ಅಪ್ಪಣೆ ಮಾಡಲಾರರು. ತತ್ತ್ವಜ್ಞನು ನೋಡುತ್ತ, ಉಸಿರಾಡುತ್ತ, ಕಣ್ಣೆವೆ ಮುಚ್ಚಿ ತೆರೆಯುತ್ತಲೂ ತಾನೇನನ್ನೂ ಮಾಡುತ್ತಿಲ್ಲವೆಂದು ಎಣಿಸಬೇಕೆಂದು ಗೀತೆಯ ಐದನೆಯ ಅಧ್ಯಾಯ ಹೇಳುತ್ತದೆ. ಕಣ್ಣಿನ ವಿಷಯದಲ್ಲಿ ಈ ಎಣಿಕೆಗೆ ಅಭ್ಯಾಸ ಬೇಕಾದೀತು. ಮೈಯ ಬಿಸಿಯ ವಿಷಯದಲ್ಲಿ ಯಾವ ಅಜ್ಞಾನಿಯೂ ಹುಟ್ಟಿದ ಲಾಗಾಯ್ತು ಅದನ್ನೇ ಎಣಿಸಿಕೊಂಡಿರುತ್ತಾನೆ.

ಸುತ್ತಲೂ ನಾಲ್ಕು ಅಗ್ನಿಗಳನ್ನು ಉರಿಸಿ, ತಲೆಯ ಮೇಲಿನ ಸೂರ್ಯನನ್ನು ಐದನೆಯದಾಗಿ ಇಟ್ಟುಕೊಳ್ಳುವ ಪಂಚಾಗ್ನಿತಪಸ್ಸನ್ನು ಪಾರ್ವತಿಯು ಮಾಡಿದಳೆಂದು ಕಾವ್ಯದಲ್ಲಿ ಓದಿದ್ದೇವೆ. ತಪಸ್ಸೆಂಬ ಶಬ್ದದ ಧಾತುವೇ ಕಾಯುವುದನ್ನು ಹೇಳುತ್ತದೆ. ಇದರ ಒಂದು ವಿಚಿತ್ರವಾದ ಅನುಕರಣವು ಲಂಡನ್ನಿನಲ್ಲಿ 1774ರಲ್ಲಿ ನಡೆಯಿತು. ಜಾರ್ಜ್ ಫೋರ್ಡೈಸ್ ಎಂಬ ವೈದ್ಯನು ಬಿಸಿಮಾಡಿಸಿದ ಕೋಣೆಯೊಳಕ್ಕೆ ಚಾರ್ಲ್ಸ್ ಬ್ಲ್ಯಾಗ್ಡನ್ ಮೊದಲಾದವರು ಹೊಕ್ಕು, ಕೋಣೆಯ ಬಿಸಿಯನ್ನು ಸರದಿಯಾಗಿ ಏರಿಸುತ್ತ ಹೋಗಿ, ಕಡೆಗೆ ಬ್ಲ್ಯಾಗ್ಡನ್ನನು 260 ಡಿಗ್ರಿ ಫಾರನ್‌ಹೀಟಿನಲ್ಲಿ, ಎಂದರೆ ನೀರು ಕುದಿಯುವುದಕ್ಕಿಂತ ಬಹಳ ಹೆಚ್ಚಿನ ಬಿಸಿಯಲ್ಲಿ, ಎಂಟು ನಿಮಿಷ ನಿಂತನು. ಆ ಕೋಣೆಯಲ್ಲಿಯೇ ಇಟ್ಟಿದ್ದ ಮೊಟ್ಟೆಗಳು ಗಟ್ಟಿಯಾಗಿ ಬೆಂದವು. ಮಾಂಸದ ತುಂಡು ಬೆಂದಿತು. ಬುಟ್ಟಿಯಲ್ಲಿ ಕೂರಿಸಿದ್ದ ನಾಯಿ ಬದುಕಿ ಹೊರಗೆ ಬಂದಿತು, ಮನುಷ್ಯರೂ ಬಂದರು. ತಮ್ಮ ಉಸಿರನ್ನೇ ಬೆರಳ ಮೇಲೆ ಊದಿಕೊಂಡರೆ ಅದು ತಂಪಾಗಿ ತೋರಿತೆಂದು ಬ್ಲ್ಯಾಗ್ಡನ್ನನು ಬರೆದಿಟ್ಟಿದ್ದಾನೆ. ನನಗೆ ಈ ವೃತ್ತಾಂತದಲ್ಲಿ ಮರೆಯಲಾಗದ್ದು ಇದೇ. ಮೊಟ್ಟೆಗೂ ಮನುಷ್ಯನಿಗೂ ತಗುಲಿದ ಬಿಸಿ ಒಂದೇ. ಮೊಟ್ಟೆ ಅದನ್ನು ಒಪ್ಪಿಕೊಂಡಿತು, ಮನುಷ್ಯನ ಮೈ ಒಪ್ಪಿಕೊಳ್ಳಲಿಲ್ಲ.

ಒಪ್ಪಿಕೊಳ್ಳದೆ ನಿಂತಿರುವ ಈ ಬಿಸಿಯನ್ನು ಋಷಿಗಳು ಎಷ್ಟು ಗಂಭೀರವಾಗಿ ಕಂಡರೆಂಬುದಕ್ಕೆ ಛಾಂದೋಗ್ಯದ ಮೂರನೆಯ ಅಧ್ಯಾಯದಲ್ಲಿ ಒಂದು ಮಾತುಂಟು. ಸಕಲ ಲೋಕಗಳಿಗೂ ಆಚೆ ಬೆಳಗುವ ಪರಂಜ್ಯೋತಿಯೇ ಮನುಷ್ಯನ ಒಳಗೂ ಇರುವುದೆಂದು ಹೇಳಿ, ಅದನ್ನು ಕಾಣುವ ಬಗೆ ಯಾವುದೆಂದರೆ, ಮೈಯನ್ನು ಮುಟ್ಟಿದಾಗ ತಿಳಿಯುವ ಬಿಸಿಯೇ ಅದರ ದರ್ಶನವೆಂದೂ, ಕಿವಿ ಮುಚ್ಚಿಕೊಂಡಾಗ ಉರಿಯುವ ಬೆಂಕಿಯಂತೆ ಕೇಳುವ ಮೊರೆತವೇ ಅದರ ಶ್ರವಣವೆಂದೂ ಉಪನಿಷತ್ತು ಹೇಳುತ್ತದೆ. ದ್ಯುಲೋಕದ ಆಚೆಗಿನ ಬೆಳಕಿಗೆ ಸಾಕ್ಷಿ ಕೇಳಿದವನಿಗೆ ಪಕ್ಕದವನ ಹಣೆ ಮುಟ್ಟಿ ನೋಡೆಂದ ಈ ಧೈರ್ಯಕ್ಕೆ ಸಮನಾದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬ್ರಹ್ಮಸೂತ್ರಕಾರರು ನಾಲ್ಕನೆಯ ಅಧ್ಯಾಯದಲ್ಲಿ ಮರಣಕ್ರಮವನ್ನು ವಿಚಾರಿಸುವಾಗ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಈ ಊಷ್ಮವು ಸ್ಥೂಲಶರೀರದ್ದೇ ಅಲ್ಲ, ಸೂಕ್ಷ್ಮಶರೀರದ್ದೆಂದು ತೀರ್ಮಾನಿಸುತ್ತಾರೆ. ಹೆಣದಲ್ಲಿ ರೂಪವೂ ಆಕಾರವೂ ಹಾಗೆಯೇ ಇದ್ದು ಬಿಸಿ ಮಾತ್ರ ಕಾಣದೆ ಹೋಗುವುದು ಅದಕ್ಕೆ ಯುಕ್ತಿ. ನನ್ನ ತಂದೆಯವರ ಕಡೆಯ ರಾತ್ರಿ ಮನೆಯವರೆಲ್ಲ ಸರದಿಯಲ್ಲಿ ಅವರ ಅಂಗಾಲಿಗೆ ಶುಂಠಿಯ ಪುಡಿ ತಿಕ್ಕುತ್ತಿದ್ದೆವು. ಬಿಸಿಯು ಪಾದದಿಂದ ಕಣಕಾಲಿಗೆ, ಕಣಕಾಲಿನಿಂದ ಮೊಣಕಾಲಿಗೆ ಹಿಂದೆಗೆಯುತ್ತಿದ್ದುದನ್ನು ನನ್ನ ಕೈ ತಿಳಿಯಿತು. ಎದೆಯ ಮೇಲೆ ಕೈಯಿಟ್ಟಿದ್ದ ನಮ್ಮ ದೊಡ್ಡಮ್ಮ "ಇನ್ನೂ ಇದೆ, ಇನ್ನೂ ಇದೆ" ಎನ್ನುತ್ತಿದ್ದರು. ಏನು ಇದೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೆಳಗಾಗುವ ಹೊತ್ತಿಗೆ ಆ ಮೈ, ಕೋಣೆಯ ಕಂಬ ಬಾಗಿಲುಗಳು ಎಷ್ಟು ಬಿಸಿಯಿದ್ದುವೋ ಅಷ್ಟೇ ಆಗುತ್ತ ಬಂದಿತ್ತು.

ಜ್ವರದ ವಿಚಾರವನ್ನು ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಶಿವಮೊಗ್ಗದ ಸೀಮೆಯ ಒಂದು ಅಡಕೆತೋಟದ ಊರಿನಲ್ಲಿ ಬಾಲ್ಯವನ್ನು ಕಳೆದ ನನಗೆ ಚಳಿಜ್ವರದ ಪರಿಚಯ ಅಕ್ಷರಾಭ್ಯಾಸದಷ್ಟೇ ಹಳೆಯದು. ದಿನ ಬಿಟ್ಟು ದಿನ, ಹೆಚ್ಚುಕಡಮೆ ಅದೇ ಹೊತ್ತಿಗೆ, ಹಲ್ಲು ಕಟಕಟಿಸುವ ನಡುಕ ಹುಟ್ಟುತ್ತಿತ್ತು. ತಾಯಿ ಮೂರು ಕಂಬಳಿ ಹೊದಿಸಿ, ಸಾಲದೆ ಅವುಗಳ ಮೇಲೆ ತಾನೂ ಒರಗಿ ಅದುಮಿಕೊಳ್ಳುತ್ತಿದ್ದಳು. ಅವಳ ಕೈಗೆ ನನ್ನ ಮೈ ಕೆಂಡ; ನನಗೆ ನಾನು ಹಿಮ. ಒಂದೆರಡು ಗಂಟೆಯಾದ ಮೇಲೆ ನಡುಕ ನಿಂತು ಮೈ ಇನ್ನೂ ಹೆಚ್ಚು ಸುಡುತ್ತಿರುವಾಗ ಒಂದು ಬಗೆಯ ನೆಮ್ಮದಿಯಿರುತ್ತಿತ್ತು. ಆಮೇಲೆ ತಟ್ಟನೆ ಕಂಬಳಿಯನ್ನೆಲ್ಲ ಒದೆದು ಬೆವರಿನಲ್ಲಿ ತೊಯ್ದು ಏಳುತ್ತಿದ್ದೆ. ಅದೇ ಮೈ, ಅದೇ ಕೋಣೆ, ನಾಲ್ಕಾರು ಗಂಟೆಗಳ ಅಂತರ. ಶರೀರಶಾಸ್ತ್ರ ಇದಕ್ಕೆ ಕೊಡುವ ವಿವರಣೆ ಹೀಗೆ: ರೋಗಾಣುಗಳ ದೆಸೆಯಿಂದ ಹುಟ್ಟಿದ ಕೆಲವು ದ್ರವ್ಯಗಳು ಹೈಪೋಥಲಾಮಸ್ಸನ್ನು ಮುಟ್ಟಿದಾಗ ಅದು ತಾನು ಕಾಯಬೇಕಾದ ಮಟ್ಟವನ್ನೇ 37ರಿಂದ 39ಕ್ಕೋ 40ಕ್ಕೋ ಎತ್ತಿಬಿಡುತ್ತದೆ. 38ರಲ್ಲಿರುವ ಮೈಗೆ ಆಗ ಕೊರತೆಯ ಭಾವ, ಆದ್ದರಿಂದ ಚಳಿ, ಆದ್ದರಿಂದ ನಡುಕ. ಮಟ್ಟವು ಮತ್ತೆ ಕೆಳಗಿಳಿದೊಡನೆ ಅದೇ 38ರಲ್ಲಿ ಮಿಗಿಲಿನ ಭಾವ, ಆದ್ದರಿಂದ ಬೆವರು. ಹಾಗಾದರೆ ಚಳಿಯೂ ಸೆಕೆಯೂ ಇರುವ ಬಿಸಿಯಿಂದ ಹುಟ್ಟುವುದಿಲ್ಲ. ಇರುವ ಬಿಸಿಗೂ ಇರಬೇಕೆಂದು ಒಳಗೆ ಸಂಕಲ್ಪಿಸಿದ ಬಿಸಿಗೂ ನಡುವಿನ ಅಂತರದಿಂದ ಹುಟ್ಟುತ್ತವೆ. ಸಂಕಲ್ಪವೆಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಸಂಕಲ್ಪವೇ ಕಾಮದ ಮೂಲವೆಂದು ಗೀತೆ ಸಾರುವಾಗ ಹೇಳುವ ಮಾತು ಮನಸ್ಸಿನದು; ಆದರೆ ಮನಸ್ಸಿನ ಅಸಮಾಧಾನವೂ ಇದೇ ಲೆಕ್ಕದ್ದೆಂದು, ಮೂರು ಕಂಬಳಿಯಡಿಯಲ್ಲಿ ಕೆಂಡದಂತೆ ಸುಡುತ್ತ ಚಳಿಗೆ ಅತ್ತವನಿಗೆ ಬೇಗ ಅರ್ಥವಾಗುತ್ತದೆ.

ದಕ್ಷಯಜ್ಞದ ಕಾಲದಲ್ಲಿ ರುದ್ರನ ಕೋಪದಿಂದ ಜ್ವರ ಹುಟ್ಟಿತೆಂದು ಚರಕಸಂಹಿತೆ ಹೇಳುತ್ತದೆ. ಅದರೊಡನೆಯೇ, ಅಗ್ನಿಯು ತನ್ನ ಸ್ಥಾನದಿಂದ ಹೊರದೂಡಲ್ಪಟ್ಟು ಮೈಯೆಲ್ಲ ಹರಡುವುದೇ ಜ್ವರವೆಂದೂ, ಆದಕಾರಣ ಹೊಸ ಜ್ವರಕ್ಕೆ ಲಂಘನವೇ ಮೊದಲ ಚಿಕಿತ್ಸೆಯೆಂದೂ ಹೇಳುತ್ತದೆ. ಕೋಪವೆಂಬುದು ಒಂದು ದೃಷ್ಟಿ. ಆದರೆ ಆ ಕೋಪದಲ್ಲಿ ಹಿತವೂ ಇರಬಹುದೆಂಬುದಕ್ಕೆ ಒಂದು ಪ್ರಾಣಿಯ ಸಾಕ್ಷ್ಯವಿದೆ. ದೊಡ್ಡ ಬೆಟ್ಟದ ಬಂಡೆಗಳ ಮೇಲೆ ಕತ್ತು ಕುಣಿಸುತ್ತ ಕೂರುವ ಓತಿಕ್ಯಾತಕ್ಕೆ ನಮ್ಮಂತೆ ಒಳಗಿನ ಒಲೆಯಿಲ್ಲ. ಬಿಸಿ ಬೇಕಾದರೆ ಬಿಸಿಲಿಗೆ ಹೋಗುತ್ತದೆ, ಹೆಚ್ಚಾದರೆ ನೆರಳಿಗೆ ಸರಿಯುತ್ತದೆ. ಅದರ ದೂರದ ನೆಂಟನಾದ ಮರುಭೂಮಿಯ ಇಗುವಾನಕ್ಕೆ 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ರೋಗಾಣುಗಳನ್ನು ಚುಚ್ಚಿದಾಗ ಅದು ತಾನಾಗಿಯೇ ಎಂದಿಗಿಂತ ಹೆಚ್ಚು ಬಿಸಿಯಾದ ತಾಣವನ್ನು ಹುಡುಕಿಕೊಂಡು ಹೋಯಿತು. ಹಾಗೆ ಹೋಗಲು ಬಿಡದೆ ತಂಪಿನಲ್ಲಿರಿಸಿದವುಗಳಲ್ಲಿ ಸತ್ತವು ಹೆಚ್ಚು. ನಡೆದುಹೋಗಿ ಜ್ವರವನ್ನು ತಂದುಕೊಳ್ಳುವ ಪ್ರಾಣಿ! ಆ ಹಲ್ಲಿಯ ಭಾಷೆಗೆ ವ್ಯಾಕರಣವಿದ್ದಿದ್ದರೆ ಅದು ಚತುರ್ಥಿಯನ್ನು ಬಳಸುತ್ತಿರಲಿಲ್ಲವೇನೋ.

ಹಾಗಾದರೆ ಒಳಗೆ ಸಂಕಲ್ಪಿಸುವವನು ಯಾರು? ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯನು ಉದ್ದಾಲಕನಿಗೆ ಉತ್ತರ ಹೇಳುತ್ತ, ಭೂಮಿ, ಜಲ, ಅಗ್ನಿಗಳಿಂದ ಹಿಡಿದು ಚರ್ಮದವರೆಗೆ ಒಂದೊಂದನ್ನೂ ಹೆಸರಿಸಿ, ಅವುಗಳ ಅರಿವಿಗೆ ಬಾರದೆಯೇ ಅವುಗಳೊಳಗಿದ್ದು ನಡೆಸುವ ಅಂತರ್ಯಾಮಿಯನ್ನು ತೋರಿಸುತ್ತಾನೆ. ಚರ್ಮವನ್ನು ಆತನು ಮರೆಯಲಿಲ್ಲವೆಂಬುದು ನನಗೆ ಸಂತೋಷ. ಇತ್ತ ಶರೀರಶಾಸ್ತ್ರಜ್ಞರಲ್ಲಿ ಕೆಲವರು ಈಚೆಗೆ, 37 ಎಂಬ ಅಂಕೆಯನ್ನು ಬರೆದಿಟ್ಟುಕೊಂಡ ಒಬ್ಬ ಪಾರುಪತ್ಯಗಾರನು ಮೆದುಳಿನಲ್ಲಿ ಇಲ್ಲವೇ ಇಲ್ಲವೆಂದೂ, ಬೆವರಿಗೊಂದು, ನಡುಕಕ್ಕೊಂದು, ರಕ್ತನಾಳಗಳಿಗೊಂದು ಎಂಬಂತೆ ಬೇರೆಬೇರೆ ವ್ಯವಸ್ಥೆಗಳು ತಮ್ಮತಮ್ಮ ಗಡಿಗಳನ್ನು ಕಾಯುವುದರಿಂದಲೇ ನಡುವೆ ಸಮತೆಯೊಂದು ಏರ್ಪಡುವುದೆಂದೂ ಹೇಳುತ್ತಾರೆ. ಅವರ ಮಾತು ನಿಜವಾದರೆ ಅಂತರ್ಯಾಮಿಗೆ ಮನೆ ತಪ್ಪಿತೆಂದು ಒಂದು ಪಕ್ಷದವರು ಹಿಗ್ಗಬಹುದು. ಒಡೆಯನಿಲ್ಲದ ಮನೆ ಇಷ್ಟು ಅಚ್ಚುಕಟ್ಟಾಗಿ ನಡೆಯುವುದೇ ಅವನ ಗುರುತೆಂದು ಇನ್ನೊಂದು ಪಕ್ಷದವರು ಹಿಗ್ಗಬಹುದು. ನಾನು ಈ ಎರಡು ಜಗಲಿಗಳಲ್ಲಿಯೂ ಕುಳಿತು ನೋಡಿದ್ದೇನೆ. ಎರಡರಲ್ಲಿಯೂ ಮಾತು ಜಾಸ್ತಿ. ನನಗೆ ನಿಶ್ಚಯವಾಗಿ ತಿಳಿದಿರುವುದು ಇಷ್ಟೇ: ಅದು ನಾನಲ್ಲ. ಅಹಂಕಾರವು ಈ ಮನೆಯಲ್ಲಿ ಬಿಡಾರ ಮಾಡಿಕೊಂಡಿರುವವನೇ ಹೊರತು ಒಲೆಯ ಮುಂದೆ ಕೂರುವವನಲ್ಲ. ಮತ್ತು ಒಲೆಯ ಮುಂದಿನ ಆ ಸಮತ್ವವು ಕಲ್ಲಿನಂತೆ ಸುಮ್ಮನಿರುವುದೂ ಅಲ್ಲ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅರಿತು, ಅರಿತೊಡನೆ ದುಡಿದು, ಒಂದು ಗಳಿಗೆಯೂ ಮೈಮರೆಯದೆ ಕಾಯತಕ್ಕದ್ದು. ಸ್ಥಿತಪ್ರಜ್ಞನ ಮನಸ್ಸನ್ನು ಊಹಿಸಿಕೊಳ್ಳಬೇಕಾದವರು ಬಂಡೆಗಿಂತ ಮುಂಚೆ ಈ ಮೈಯನ್ನು ನೋಡಿದ್ದರೆ, ದುಃಖ ತಾಗದವನೇ ಜ್ಞಾನಿಯೆಂಬ ನಮ್ಮ ಹಳ್ಳಿಯ ಹರಟೆ ಹುಟ್ಟುತ್ತಿರಲಿಲ್ಲ.

ತೀರ್ಥಂಕರನಿಗೆ ಜನ್ಮತಃ ಬೆವರಿಲ್ಲವೆಂದು ಜೈನಾಗಮಗಳು ಅತಿಶಯಗಳಲ್ಲಿ ಒಂದಾಗಿ ಹೇಳುತ್ತವೆ. ದೇವತೆಗಳಿಗೂ ಇಲ್ಲ. ನಳೋಪಾಖ್ಯಾನವನ್ನು ಭಾರತದ ವನಪರ್ವದಲ್ಲಿಯೋ ಕನಕದಾಸರ ನಳಚರಿತ್ರೆಯ ಮೂಲಕವೋ ಬಲ್ಲವರು ಸ್ವಯಂವರದ ಇಕ್ಕಟ್ಟನ್ನು ನೆನೆದುಕೊಳ್ಳಬಹುದು: ದಮಯಂತಿಯ ಮುಂದೆ ಐವರು ನಳರು, ನಾಲ್ವರು ದೇವತೆಗಳು, ಒಬ್ಬನು ಮನುಷ್ಯ. ಅವಳು ಮೊರೆಯಿಟ್ಟ ಮೇಲೆ ದೇವತೆಗಳು ತಮ್ಮ ಲಕ್ಷಣಗಳನ್ನು ಮರೆಮಾಡದೆ ತೋರಿಸಿದರೆಂದೂ, ಆಗ ಎವೆಯಿಕ್ಕದ ಕಣ್ಣು, ಬಾಡದ ಮಾಲೆ, ನೆಲ ಸೋಕದ ಕಾಲು, ಬೆವರದ ಮೈ ಇವುಗಳಿಂದ ಅವರನ್ನು ಗುರುತಿಸಿ ಬಿಟ್ಟು, ಧೂಳೂ ಬೆವರೂ ಹತ್ತಿದ ಮೈಯವನ ಕೊರಳಿಗೆ ಅವಳು ಮಾಲೆ ಹಾಕಿದಳೆಂದೂ ವ್ಯಾಸಭಾರತ ಹೇಳುತ್ತದೆ. ಇಂದ್ರನಿದ್ದನು, ಅಗ್ನಿಯೇ ಇದ್ದನು. ಅವಳು ಆರಿಸಿಕೊಂಡದ್ದು ಬೆವರುವವನನ್ನು.

ಇಷ್ಟನ್ನೆಲ್ಲ ನಾನು ಕಂಬಕ್ಕೊರಗಿಯೇ ಯೋಚಿಸಿದೆನೆಂದರೆ ಓದುವವರು ನಂಬಲಾರರು. ಮನೆಗೆ ಬಂದ ಮೇಲೆ ಸೇರಿಸಿದ್ದೂ ಇದೆ. ಆದರೆ ಬಿಸಿಲು ಇಳಿಯುವವರೆಗೆ ಅಲ್ಲಿಯೇ ಕುಳಿತಿದ್ದದ್ದು ನಿಜ. ಐದು ಗಂಟೆಯ ಮೇಲೆ ಗಾಳಿ ತಿರುಗಿತು. ಅಂಗಿಯ ಬೆನ್ನು ಆರಿ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು. ಮುದುಕಿ ಏಳುವ ಮುಂಚೆ ಹುಡುಗನನ್ನು ಹತ್ತಿರಕ್ಕೆಳೆದು, ಸೆರಗಿನಿಂದ ಮುಖವನ್ನೊರಸಿ, ಅಂಗೈಯನ್ನು ಅವನ ಹಣೆಯ ಮೇಲೂ ಅಂಗೈಯ ಹಿಂಬದಿಯನ್ನು ಅವನ ಕತ್ತಿನ ಮೇಲೂ ಇಟ್ಟು, ಕಣ್ಣು ಅರ್ಧ ಮುಚ್ಚಿ ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. "ಏನಿಲ್ಲ, ತಣ್ಣಗೈತೆ" ಎಂದಳು, ನನ್ನನ್ನೂ ಸೇರಿಸಿಕೊಂಡು ಹೇಳುವಂತೆ. ಹುಡುಗನಿಗೆ ಅದರ ಪರಿವೆಯಿರಲಿಲ್ಲ. ಅವನು ತನ್ನ ಎರಡು ಕೈಗಳನ್ನೂ ಗೊಮ್ಮಟನ ಪಾದದ ಕಡೆಯ ಬಂಡೆಯ ಮೇಲೆ ಊರಿ, ಅದು ಇನ್ನೂ ಕಾದೇ ಇದೆಯೆಂದು ಅಜ್ಜಿಯನ್ನು ಕೂಗಿ ಕರೆಯುತ್ತಿದ್ದನು.